ಹದಿನೇಳನೆಯ ಉರುಲು

ಜೀಪಿನ ಹಿಂಬದಿಯಲ್ಲಿ, ಗೋಣಿಚೀಲದ ಕೆಳಗೆ ಒಂದು ತಂತಿಯ ಸುರುಳಿ ಇತ್ತು. ಗುಂಡಿ ಬಂದಾಗಲೆಲ್ಲ ಅದು ಝಣಝಣ ಎನ್ನುತ್ತಿತ್ತು. ಹಿಂದೆ ಕೂತಿದ್ದ ಸಂಪಂಗಮ್ಮ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಬಲಗಾಲನ್ನು ಆ ಚೀಲದ ಮೇಲೆ ಒತ್ತಿ ಇಟ್ಟಳು. ಸದ್ದು ನಿಂತಿತು.

ಆ ಊರಲ್ಲಿ ಒಂದು ಕಾಲಕ್ಕೆ ಮುಟ್ಟಿದ ಮಣ್ಣೆಲ್ಲ ಚಿನ್ನ ಎನ್ನುತ್ತಿದ್ದರಂತೆ. ಎಲ್ಲೆಲ್ಲಿಂದಲೋ ಜನ ನುಗ್ಗಿ ಬಂದು ಗುಡ್ಡಗಳನ್ನು ತೋಡಿದರು. ನಾನು ಮೇಷ್ಟರಾಗಿ ಹೋಗುವ ಹೊತ್ತಿಗೆ ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಬೂದುಮಣ್ಣಿನ ದಿಬ್ಬಗಳು, ಬಾಯಿ ತೆರೆದ ಸುರಂಗಗಳು, ಜಾಲಿಮುಳ್ಳು. ಜನ ಬಿಟ್ಟ ಜಾಗದಲ್ಲಿ ಕೃಷ್ಣಮೃಗ, ತೋಳ, ಕೊಂಬಿನ ಗೂಬೆ ಬಂದು ಸಂಸಾರ ಹೂಡಿದ್ದವು. ಅವನ್ನು ನೋಡುವ ಹುಚ್ಚು ನನಗೆ. ಅದಕ್ಕೆಂದೇ ಹಳೇ ಜೀಪು ಕೊಂಡಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೆಡ್‌ಮಾಸ್ತರು ಆಡಿಕೊಳ್ಳುತ್ತಿದ್ದರು. ಅರಣ್ಯದವರು ನನಗೆ ಓಡಾಡಲು ಪರವಾನಗಿ ಕೊಟ್ಟಿದ್ದರು. ಬೇಟೆಗಾರರು ಒಡ್ಡಿದ ಉರುಲು ಕಂಡರೆ ಬಿಚ್ಚಿ ತಂದುಕೊಡಬೇಕು, ಅಷ್ಟೇ ಕರಾರು. ಹದಿನಾರು ಒಪ್ಪಿಸಿದ್ದೆ. ಹದಿನೇಳನೆಯದು ಜೀಪಿನಲ್ಲೇ ಬಿದ್ದಿತ್ತು. ಅಷ್ಟು ಉದ್ದದ ಉರುಲು ಯಾರಿಗೂ ಸಿಕ್ಕಿಲ್ಲವೆಂದು ನನಗೆ ಒಳಗೊಳಗೇ ಜಂಬ.

ಸಂಪಂಗಮ್ಮ ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಗಂಡ ಪಿಳ್ಳಪ್ಪ, ಹಳೇ ಸುರಂಗಗಳಿಗೆ ಕದ್ದು ಇಳಿದು ಅಳಿದುಳಿದ ಅದಿರು ಕೆರೆದು ತರುವವರಲ್ಲಿ ಒಬ್ಬ. ಎರಡು ದಿನ ಒಳಗೇ ಉಳಿಯುವುದು ಉಂಟು. ಆದರೆ ಭಾನುವಾರ ಹೋದವನು ಗುರುವಾರವಾದರೂ ಬಂದಿರಲಿಲ್ಲ. ಯಾವ ಸುರಂಗ ಎಂಬುದು ಅವಳಿಗೆ ತಿಳಿಯದು. ಇಳಿಯುವ ಜಾಗವನ್ನು ಹೆಂಡತಿಗೆ ಹೇಳಿದರೆ ನೆಲ ವಾಪಸು ಬಿಡುವುದಿಲ್ಲ ಎಂಬುದು ಅವರ ನಂಬಿಕೆ.

"ಪೊಲೀಸ್ನೋರ್ಗೆ ಹೇಳಿದ್ರೆ ಬದುಕಿರೋನ್ನೂ ಒಳಗೆ ಹಾಕ್ತಾರೆ ಮೇಷ್ಟ್ರೇ" ಎಂದಿದ್ದಳು ಬೆಳಿಗ್ಗೆ. "ನಿಮ್ಮನ್ನಾದ್ರೆ ಗೇಟ್‌ನಾಗೆ ಬಿಡ್ತಾರೆ. ಪ್ರಾಣಿ ನೋಡಕ್ಕೆ ಹೊಂಟಿದೀವಿ ಅನ್ನಿ."

ಜೊತೆಗೆ ಆರೋಗ್ಯಸ್ವಾಮಿ ತಾತ ಬಂದರು. ಗಣಿ ನಡೆಯುತ್ತಿದ್ದಾಗ ಮೂವತ್ತು ವರ್ಷ ನೆಲದಡಿಯಲ್ಲಿ ದುಡಿದವರು.

ಅರಣ್ಯದವರ ಗೇಟು ದಾಟಿದ ಮೇಲೆ ಕೃಷ್ಣಮೃಗಗಳ ಹಿಂಡೊಂದು ದಾರಿಗಡ್ಡ ಹಾರಿತು. ಅಭ್ಯಾಸಬಲದಿಂದ ಬ್ರೇಕ್ ಹಾಕಿ, ಎಣಿಸತೊಡಗಿ, ನಾಚಿಕೆಯಾಗಿ ಬಿಟ್ಟೆ. ಸಂಪಂಗಮ್ಮ ನನ್ನ ದುರ್ಬೀನು ಹಿಡಿದು ಆಕಾಶವನ್ನೇ ನೋಡುತ್ತಿದ್ದಳು.

"ಹದ್ದು ಸುತ್ತುತಾ ಇದ್ರೆ ಹೇಳ್ಬೇಕು ಮೇಷ್ಟ್ರೇ. ಮುಚ್ಚಿಡಬಾರ್ದು."

ಇಲ್ಲ ಎಂದು ತಲೆಯಾಡಿಸಿದೆ.

ಮೊದಲನೆಯ ಸುರಂಗದ ಬಾಯಲ್ಲಿ ತಾತ ಒಳಗೆ ಇಣುಕದೆ, ಸುತ್ತಲ ಮರಗಳ ಬುಡ ತಡಕುತ್ತಿದ್ದರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ.

"ತಂತಿ" ಎಂದರು. "ಒಳಗೆ ಜೇನುಗೂಡಿನಂಗೆ ದಾರಿ. ದೀಪ ಆರಿದ್ರೆ ಬಾಯಿ ಯಾವ ಕಡೆ ಅಂತ ದೇವರ್ಗೂ ತಿಳೀದು. ಅದಕ್ಕೆ ಮರಕ್ಕೆ ತಂತಿ ಕಟ್ಟಿ ಬಿಡ್ತಾ ಬಿಡ್ತಾ ಹೋಗೋದು, ಅದ್ನೇ ಹಿಡ್ಕೊಂಡು ಬರೋದು."

"ನಮ್ಮೋರ ತಂತಿ ತುದಿಗೆ ನನ್ನ ಕೆಂಪು ಸೀರೆ ಚೂರು ಕಟ್ಟಿದೀನಿ ತಾತ" ಎಂದಳು ಸಂಪಂಗಮ್ಮ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೀಪಿನ ಕಡೆ ನೋಡಿದೆ.

ಭಾನುವಾರ ಮಧ್ಯಾಹ್ನ ಕುದುರೆದಿಬ್ಬದ ಹಿಂದೆ, ಜಾಲಿಯ ಬುಡದಲ್ಲಿ ಆ ತಂತಿ ಕಂಡಿತ್ತು. ಪೊದೆಯಾಚೆ ಸುರಂಗವಿದೆಯೆಂದು ಗೊತ್ತಿದ್ದರೂ ಬಗ್ಗಿ ನೋಡಲಿಲ್ಲ. ಗಂಟು ಬಿಚ್ಚಿ ಎಳೆದೆ. ಎಳೆದಷ್ಟೂ ಬರುತ್ತಿತ್ತು. ನಡುವೆ ಎಲ್ಲೋ ಸಿಕ್ಕಿಕೊಂಡಿತು. ಕಾಲೂರಿ ಜಗ್ಗಿದೆ, ಬಂತು. ತುದಿಯಲ್ಲಿ ಕೆಂಪು ಬಟ್ಟೆ. ಪ್ರಾಣಿಯನ್ನು ಬೆದರಿಸಿ ಉರುಲಿಗೆ ನೂಕಲು ಕಟ್ಟಿದ್ದೆಂದು ನನ್ನಷ್ಟಕ್ಕೆ ನಾನೇ ಅರ್ಥ ಮಾಡಿಕೊಂಡು, ಒಂದು ತೋಳ ಉಳಿಯಿತೆಂದು ಸಂತೋಷಪಟ್ಟೆ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎರಡನೆಯ ಸುರಂಗಕ್ಕೆ ಹೋದೆವು, ಮೂರನೆಯದಕ್ಕೆ ಹೋದೆವು. ತಾನಾಗಿ ಕುದುರೆದಿಬ್ಬ ಸಿಗಲಿ, ತಂತಿಯ ಮಾತು ಬರದೇ ಹೋಗಲಿ ಎಂದು ಲೆಕ್ಕ ಹಾಕುತ್ತಿದ್ದೆ. ಹೆದರಿದ್ದೆ. ಒಂದು ಗಂಟೆಯೇ ಕಳೆದಿರಬೇಕು. ಮೂರನೆಯದರ ಬಾಯಲ್ಲಿ ಸಂಪಂಗಮ್ಮ ಮಂಡಿಯೂರಿ, ಕತ್ತಲೊಳಕ್ಕೆ ಗಂಡನ ಹೆಸರು ಹಿಡಿದು ಕೂಗಿದಳು. ಅಲ್ಲಿಯ ತನಕ ಆ ಹೆಂಗಸು ಅವನ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ಗೋಣಿ ಸರಿಸಿ ಸುರುಳಿಯನ್ನು ಅವಳ ಮುಂದಿಟ್ಟೆ. ನಡೆದದ್ದನ್ನು ಹೇಳಿದೆ.

ಅವಳು ಬೈಯಲಿಲ್ಲ. ಕೆಂಪು ಚೂರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಗಾಡಿ ತಿರುಗ್ಸಿ ಮೇಷ್ಟ್ರೇ" ಎಂದಳು.

ಕುದುರೆದಿಬ್ಬದಲ್ಲಿ ತಾತ ಅದೇ ಜಾಲಿಗೆ ಅದೇ ತಂತಿ ಕಟ್ಟಿದರು. ಅವರು ಮುಂದೆ ಬ್ಯಾಟರಿ ಹಿಡಿದು ನಡೆದರು, ನಾನು ತಂತಿ ಬಿಡುತ್ತಾ ಹಿಂದೆ. ಸಂಪಂಗಮ್ಮ ಸುರಂಗದ ಬಾಯಲ್ಲೇ ಕೂತು ತಂತಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಮೂರು ದಾರಿ ಕವಲೊಡೆಯುವಲ್ಲಿ, ತಂತಿ ಇನ್ನೂ ಅರ್ಧ ಉಳಿದಿರುವಾಗಲೇ ಅವನು ಸಿಕ್ಕಿದ. ಗೋಡೆಗೊರಗಿ ಕೂತಿದ್ದ. ನೆಲವನ್ನು ತಡಕಿ ತಡಕಿ ಬೆರಳ ತುದಿಗಳು ಸುಲಿದಿದ್ದವು. ಪಕ್ಕದಲ್ಲಿ ಬರಿದಾದ ನೀರಿನ ಬಾಟಲಿ.

ತಾತ ಅವನ ಅಂಗಿಯೊಳಗೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಬೆಚ್ಚಗೈತೆ" ಎಂದರು ಮೆಲ್ಲಗೆ. "ಉಸಿರಿಲ್ಲ. ಈಗಿನ್ನೂ ಹೋಗಿರೋದು." ಆಮೇಲೆ ನನ್ನ ಮುಖಕ್ಕೆ ಬೆಳಕು ಬಿಡದೆ ಹೇಳಿದರು: "ಆಯಮ್ಮಂಗೆ ಇದು ಹೇಳೋದು ಬೇಡ."

ಬೇಡವೆಂದು ನಾನೂ ಸುಮ್ಮನಿದ್ದುಬಿಟ್ಟೆ. ತಂತಿಯ ವಿಷಯ ಅವಳಿಗೆ ಹೇಳಿದ್ದೇನೆ. ಆ ಒಂದು ಗಂಟೆಯ ವಿಷಯ ಇವತ್ತಿನವರೆಗೂ ಹೇಳಿಲ್ಲ.

ಸಂಜೆ ಇಳಿಯುವಾಗ ಹೊರಟೆವು. ದಿಬ್ಬದ ನೆತ್ತಿಯಲ್ಲಿ ತೋಳವೊಂದು ನಿಂತು ನಮ್ಮನ್ನು ನೋಡಿತು. ಬ್ರೇಕ್ ಹಾಕದೆ ಮುಂದೆ ಹೋದೆ. ಪಿಳ್ಳಪ್ಪನನ್ನು ಸೀಟಿನ ಮೇಲೆ ಮಲಗಿಸಿದ್ದೆವು, ತಲೆ ಹೆಂಡತಿಯ ತೊಡೆಯ ಮೇಲಿತ್ತು. ತಂತಿ ಜಾಲಿಯ ಬುಡದಲ್ಲೇ ಉಳಿದಿತ್ತು. ಜೀಪು ಗುಂಡಿಗಳಲ್ಲಿ ಎದ್ದು ಬಿದ್ದು ಹೋಗುತ್ತಿದ್ದರೂ ಹಿಂದೆ ಯಾವ ಸದ್ದೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಸಂಪಂಗಮ್ಮನ ಬಲಗಾಲು ಆ ಬರಿಯ ಗೋಣಿಚೀಲವನ್ನು ಇನ್ನೂ ಒತ್ತಿ ಹಿಡಿದಿತ್ತು.