ರಬ್ಬರ್ ದೋಣಿಯ ಕಿವಿ

ಹೊಳಗುಂದದ ಉತ್ತರಕ್ಕೆ, ತುಂಗಭದ್ರೆಯ ದಂಡೆಯ ಊರಿನಲ್ಲಿ ಹರಿಗೋಲು ಕಟ್ಟುವುದರಲ್ಲಿ ಪಕೀರಪ್ಪನದೇ ಹೆಸರು. ಬಿದಿರು ಹೆಣೆಯುವುದು, ತೊಗಲು ಹೊದಿಸುವುದು, ಹರಿದಲ್ಲಿ ಹೊಲಿದು ಡಾಂಬರು ಬಳಿಯುವುದು ಅವನ ಕಸುಬು. ಆ ಶ್ರಾವಣದಲ್ಲಿ ಆದವಾನಿಯ ಹತ್ತಿ ವ್ಯಾಪಾರಿ ಸೋಮಶೇಖರಪ್ಪ ಬಂಡಿಯಿಂದಿಳಿಸಿ ಮುಂದೆ ಕೆಡವಿದ ಹಳದಿ ಗಂಟನ್ನು ನೋಡಿದಾಗ ಮಾತ್ರ ಅವನಿಗೆ ಅದರ ತಲೆಬುಡ ತಿಳಿಯಲಿಲ್ಲ.

"ಏನ್ರಿ ಸಾವಕಾರ್ರ, ಡೇರೆ ಏನು?"

"ದೋಣಿ ಐತಿ, ರಬ್ಬರಿಂದು. ಯುದ್ಧದಾಗ ವಿಮಾನದೋರು ಸಮುದ್ರದಾಗ ಬಿದ್ರ ಇದರಾಗ ಕುಂದರ್ತಿದ್ರಂತ. ಈಗ ಯುದ್ಧ ಮುಗೀತಲ್ಲ, ಮದ್ರಾಸಿನ್ಯಾಗ ಹರಾಜಿಗಿ ಬಂದಿತ್ತು."

ಹಾರುವವರು ಬೀಳುವುದಕ್ಕೂ ತಯಾರಾಗಿಯೇ ಹಾರುತ್ತಾರೆಯೇ? ಹಾಗಿದ್ದ ಮೇಲೆ ಹಾರುವುದಾದರೂ ಯಾಕೆ? ಪಕೀರಪ್ಪನ ತಲೆಯಲ್ಲಿ ಇದು ಬಗೆಹರಿಯುವಷ್ಟರಲ್ಲಿ ಸೋಮಶೇಖರಪ್ಪ ಪಂಪು ಹಾಕಿ ಗಾಳಿ ಹೊಡೆಸಿದ. ಗಂಟು ಉಬ್ಬಿತು, ಉದ್ದವಾಯಿತು, ದೋಣಿಯಾಗಿ ನಿಂತಿತು. ಎರಡೂ ಪಕ್ಕಕ್ಕೆ ಹುಟ್ಟು ಸಿಕ್ಕಿಸಲು ರಬ್ಬರಿನ ಒಂದೊಂದು ಕಿವಿ ಅಂಟಿಸಿದ್ದರು. ಒಂದು ಅರ್ಧ ಕಿತ್ತು ಜೋತುಬಿದ್ದಿತ್ತು, ಇನ್ನೊಂದು ಬಿರುಕುಬಿಟ್ಟಿತ್ತು.

"ಈ ಕಿವಿ ಗಟ್ಟಿ ಮಾಡಿಕೊಡು. ಆದ್ರ ತೊಗಲು ಸೋಕಬಾರ್ದು ನೋಡು. ನಮ್ಮವ್ವ ಕುಂದ್ರಾಕಿ."

ಅಷ್ಟು ಹೇಳಿದ್ದೇ ಪಕೀರಪ್ಪನಿಗೆ ಎಲ್ಲ ತಿಳಿಯಿತು. ಸಾವಕಾರರ ತಾಯಿ ಮಹಾಂತಮ್ಮನ ಪ್ರತಿಜ್ಞೆ ಆ ದಂಡೆಯಲ್ಲಿ ಯಾರಿಗೆ ಗೊತ್ತಿಲ್ಲ? ಆಕೆಗೂ ತಂಗಿ ಗುರುಬಸಮ್ಮನಿಗೂ ಲಿಂಗದೀಕ್ಷೆಯಾದ ದಿನವೇ ಅವರಪ್ಪ ಅಂಗೈಯ ಲಿಂಗದ ಮೇಲೆ ಆಣೆ ಹಾಕಿಸಿದ್ದ: ತೊಗಲಿನ ಮೇಲೆ ಕೂರುವುದಿಲ್ಲ, ತೊಗಲು ಮುಟ್ಟುವುದಿಲ್ಲ. ತಂಗಿಯನ್ನು ಆಚೆ ದಂಡೆಗೆ, ನಿಜಾಮರ ಸೀಮೆಗೆ ಕೊಟ್ಟಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮಹಾಂತಮ್ಮ ಬಂಡಿ ಕಟ್ಟಿಸಿಕೊಂಡು ಮರಳಿನ ಮೇಲೆ ದಾಟಿ ಹೋಗಿಬರುತ್ತಿದ್ದಳು. ಎತ್ತಿನ ಬಂಡಿಯಲ್ಲಿ ಕೂರುವ ಅವ್ವನವರಿಗೆ ಎತ್ತಿನ ತೊಗಲು ಯಾಕಾಗದು ಎಂದು ಪಕೀರಪ್ಪ ಒಮ್ಮೆ ಯೋಚಿಸಿದ್ದುಂಟು. ಕೇಳುವ ಧೈರ್ಯ ಇರಲಿಲ್ಲ. ಈಗ ಗುರುಬಸಮ್ಮ ಹಾಸಿಗೆ ಹಿಡಿದಿದ್ದಳು. ಹೊಳೆ ಇಳಿಯುವ ತನಕ ಆಕೆ ಉಳಿಯುವುದಿಲ್ಲ ಎಂದು ಸುದ್ದಿ ಬಂದಿತ್ತು. ರೈಲಿನಲ್ಲಿ ರಾಯಚೂರಿಗೆ ಹೋಗಿ ಅಲ್ಲಿಂದ ತಂಗಿಯ ಊರು ಸೇರೋಣವೆಂದರೆ ದಾರಿಯ ಹಳ್ಳಗಳೆಲ್ಲ ತುಂಬಿ, ಎರೆಭೂಮಿಯಲ್ಲಿ ಬಂಡಿಯ ಗಾಲಿ ಅಚ್ಚಿನ ತನಕ ಹೂಳುತ್ತಿತ್ತು. ಮುದುಕಿ ತಂಗಿಯ ಮುಖ ನೋಡಬೇಕಾದರೆ ಈ ರಬ್ಬರಿನ ಗಂಟೇ ಗತಿ.

ಪಾಪ, ಪಕೀರಪ್ಪ ಮನಸ್ಸಿಟ್ಟು ಕೆಲಸಕ್ಕೆ ಕೂತ. ಮನಸ್ಸಿಟ್ಟಿದ್ದೇ ತಪ್ಪಾಯಿತು. ಕಿತ್ತದ್ದನ್ನು ಕಂಡರೆ ಹೊಲಿಯುವುದು ಕೈಗೆ ರೂಢಿಯಾಗಿ ಹೋಗಿತ್ತು. ಹತ್ತಿ ದಾರ ಪೋಣಿಸಿದ ದಬ್ಬಣವನ್ನು ಕಿವಿಯ ಬುಡಕ್ಕೆ ಸರಿಯಾಗಿ ಇಳಿಸಿದ. ದೋಣಿ ಬುಸ್ಸೆಂದಿತು. ಹಾವೇ ಇರಬೇಕೆಂದು ಪಕೀರಪ್ಪ ಹಿಂದಕ್ಕೆ ಹಾರಿದ. ಅವನು ಹೆಡೆ ಹುಡುಕುತ್ತಿದ್ದಂತೆಯೇ ದೋಣಿ ಮುನಿಸಿಕೊಂಡ ಸೊಸೆಯ ಹಾಗೆ ನೆಲಕ್ಕೆ ಮುಖ ಹಾಕಿ ಮಲಗಿತು.

ಹೊಳಗುಂದದಿಂದ ಸೈಕಲ್ ರಿಪೇರಿಯ ಯರ್ರೆಪ್ಪ ಬಂದ. ತೂತು ನೋಡಿ "ಸರಿಪೋಯಿಂದಿ!" ಎಂದು ತೆಲುಗಿನಲ್ಲಿ ಹಣೆ ಚಚ್ಚಿಕೊಂಡು, ಪಂಕ್ಚರಿನ ತೇಪೆ ಹಾಕಿದ. ಎರಡು ಕಿವಿಗಳನ್ನೂ ಅದೇ ಸೊಲ್ಯೂಷನ್ನಿನಿಂದ ಅಂಟಿಸಿದ. ಬಿಸಿಲೇರುವ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಪಕೀರಪ್ಪ ಹುಟ್ಟು ಹಾಕಿ ಎಳೆದು ನೋಡಿದರೆ ಕಿವಿ ಹುಟ್ಟಿನ ಜೊತೆಗೇ ಬಂದುಬಿಟ್ಟಿತು.

"ಟ್ಯೂಬಿನ ಕೆಲ್ಸ ನಂದು," ಎಂದ ಯರ್ರೆಪ್ಪ, ಸಾಮಾನು ಎತ್ತಿಕೊಳ್ಳುತ್ತ. "ಯಾ ಟ್ಯೂಬಿಗಿ ಕಿವಿ ಇರ್ತಾವಣ್ಣ? ನೀನೇ ನೋಡ್ಕೋ."

ಪಕೀರಪ್ಪ ದೋಣಿಯ ಸುತ್ತ ತಿರುಗಿದ, ಕೂತ, ಮತ್ತೆ ತಿರುಗಿದ. ಹರಿಗೋಲಿನಲ್ಲಿ ಹುಟ್ಟು ಕೈಯಲ್ಲಿರುತ್ತದೆ, ನೀರಿನ ಜಗ್ಗಾಟವೆಲ್ಲ ಸೊಂಟಕ್ಕೆ, ಮೊಳಕಾಲಿಗೆ. ಇಲ್ಲಿ ಹುಟ್ಟನ್ನು ದೋಣಿಯ ಮೈಗೇ ಕಟ್ಟಬೇಕಂತೆ. ಮೈಯೋ ಬರೀ ಗಾಳಿ! ಗಾಳಿಗೆ ಯಾರಾದರೂ ಗೂಟ ಹೊಡೆಯುತ್ತಾರೆಯೇ? ಕೊನೆಗೆ ಏನೂ ತೋಚದೆ, ತನಗೆ ಬರುವುದನ್ನೇ ಮಾಡಿದ. ಬಿದಿರು ಸೀಳಿ ದೋಣಿಯ ಮೇಲೆ ಸುತ್ತಲೂ ಕಟ್ಟು ಹಾಕಿ, ಹೊಟ್ಟೆಯ ಕೆಳಗಿಂದ ಹತ್ತಿ ಹಗ್ಗ ಹಾಯಿಸಿ ಬಿಗಿದು, ಆ ಬಿದಿರಿಗೆ ಹಗ್ಗದ ಎರಡು ಕುಣಿಕೆ ಮಾಡಿ ಹುಟ್ಟು ಸಿಕ್ಕಿಸಿದ.

"ತಡೀತೈತೇನು?" ಸೋಮಶೇಖರಪ್ಪ ಕೇಳಿದ.

"ತಡೀಬೌದ್ರಿ."

"ಬೌದು ಅಂದ್ರ?"

"ನನಗೂ ತಿಳೀವಲ್ದುರಿ ಸಾವಕಾರ್ರ."

ಮಗ ಬೇಡವೆಂದ. ಬಂಡಿಯಲ್ಲಿ ದಂಡೆಗೆ ಬಂದಿಳಿದಿದ್ದ ಮಹಾಂತಮ್ಮ ಮಗನ ಮಾತು ಕೇಳುವ ಪೈಕಿ ಅಲ್ಲ. ಸೆರಗು ಬಿಗಿದುಕೊಂಡು ದೋಣಿಯಲ್ಲಿ ಕೂತೇಬಿಟ್ಟಳು. ಬಿದಿರಿನ ಕಟ್ಟಿನೊಳಗೆ ಇನ್ನೊಬ್ಬರಿಗಷ್ಟೇ ಜಾಗವಿತ್ತು. ಪಕೀರಪ್ಪ ರೂಢಿಯಂತೆ ಆಚೆ ದಂಡೆಗೆ ಮುಖ ಮಾಡಿ ಹುಟ್ಟು ಎಳೆದ. ದೋಣಿ ಹಿಂದಕ್ಕೆ ಬಂದು ದಂಡೆಗೆ ಬಡಿಯಿತು. ಹೋಗುವ ಊರಿಗೆ ಬೆನ್ನು ಹಾಕಿ ಕೂರಬೇಕೆಂದು ಸೋಮಶೇಖರಪ್ಪ ಕೂಗಿ ಹೇಳಿದ. ಇದೆಂಥ ದೋಣಿ ಮಾರಾಯ ಎಂದು ಪಕೀರಪ್ಪ ಮನಸ್ಸಿನಲ್ಲೇ ಬೈದು ತಿರುಗಿ ಕೂತ. ಈಗ ಅವನಿಗೆ ಬಿಟ್ಟ ದಂಡೆ ಕಾಣುತ್ತಿತ್ತು, ಎದುರಿಗೆ ಕೂತ ಮುದುಕಿಗೆ ಹೋಗುವ ದಂಡೆ.

"ಎಡಕ್ಕ ಹೊಡಿ," ಎಂದಳು ಮಹಾಂತಮ್ಮ.

"ನಿಮ್ಮೆಡಕ್ಕೋ, ನನ್ನೆಡಕ್ಕೋರಿ ಅವ್ವಾರ?"

"ಹೊಳಿ ನಡುವ ಕೇಳೋ ಮಾತೇನೋ ಇದು!"

ಹೀಗೆ ಬೈಸಿಕೊಳ್ಳುತ್ತ, ಬೆವರುತ್ತ, ಕೆಂಪು ನೀರಿನಲ್ಲಿ ನಡುಹೊಳೆಗೆ ಬಂದ. ಹತ್ತಿ ಹಗ್ಗ ಕಿರ್ರೆನ್ನುತ್ತಿತ್ತು. ಪ್ರತಿ ಸಲ ಎಳೆದಾಗಲೂ ಪಕೀರಪ್ಪನ ಜೀವ ಆ ಕುಣಿಕೆಯಲ್ಲೇ ಇರುತ್ತಿತ್ತು. ಅಷ್ಟರಲ್ಲಿ ಮಹಾಂತಮ್ಮ ಬೈಯುವುದನ್ನು ನಿಲ್ಲಿಸಿದಳು.

"ಪಕೀರ, ಅದ್ಯಾರದೋ ಹರಗೋಲು?"

ಅವನು ಕತ್ತು ತಿರುಗಿಸಿ ನೋಡಿದ. ಆಚೆ ದಂಡೆಯ ಅಂಬಿಗ ಮಾರೆಪ್ಪ ಹರಿಗೋಲನ್ನು ಗರಗರ ತಿರುಗಿಸುತ್ತ ಇತ್ತಲೇ ಬರುತ್ತಿದ್ದ. ಒಳಗೆ ಕಂಬಳಿ ಹೊದ್ದ ಒಂದು ಜೀವ ಮಲಗಿತ್ತು. ಅದು ಮೊಳಕೈಯೂರಿ ಎದ್ದು, ತಲೆ ಎತ್ತಿ, ಕೀರಲು ದನಿಯಲ್ಲಿ "ಅಕ್ಕಾ!" ಎಂದು ಕೂಗಿತು.

ಗುರುಬಸಮ್ಮ! ರಬ್ಬರ್ ದೋಣಿಯ ಸುದ್ದಿ ಆಕೆಗೆ ಯಾರು ಹೇಳಬೇಕು? ಅಕ್ಕ ಬರಲಾರಳೆಂದು ತಾನೇ ಹೊರಟಿದ್ದಳು, ತೊಗಲಿನ ಮೇಲೆ ಮಲಗಿ.

ಪಕೀರಪ್ಪ ಕಕ್ಕಾಬಿಕ್ಕಿಯಾಗಿ ಒಂದೇ ಹುಟ್ಟನ್ನು ಜೋರಾಗಿ ಎಳೆದುಬಿಟ್ಟ. ಎಡಗಡೆಯ ಬಿದಿರು ಲಟಕ್ಕೆಂದಿತು, ಕುಣಿಕೆ ಕಳಚಿತು, ಹುಟ್ಟು ನೀರಿಗೆ ಬಿದ್ದು ತೇಲಿಹೋಯಿತು. ಹುಟ್ಟನ್ನು ನೋಡಲೋ, ಅವ್ವನನ್ನು ಹಿಡಿಯಲೋ ತಿಳಿಯದೆ ಅವನು ಎರಡೂ ಮಾಡಲಿಲ್ಲ. ದೋಣಿ ಸೆಳವಿಗೆ ಸಿಕ್ಕಿ ಅಡ್ಡಡ್ಡ ತಿರುಗತೊಡಗಿತು. ಮಾರೆಪ್ಪ ಹರಿಗೋಲನ್ನು ಸೀದಾ ಅವರ ಮಗ್ಗುಲಿಗೆ ತಂದ.

"ದೂರ! ದೂರ ಇರಲೇ ಮಾರ್ಯಾ! ತೊಗಲು ಮುಟ್ಟಿಸಬ್ಯಾಡ!" ಎಂದು ಪಕೀರಪ್ಪ ಕಿರಿಚಿದ. ಮರುಗಳಿಗೆಯಲ್ಲೇ "ಹತ್ರ ಬಾರಲೇ, ಸಾಯ್ತೀವಿ!" ಎಂದೂ ಕಿರಿಚಿದ.

ಮಾರೆಪ್ಪ ಬಾಯಿ ತೆರೆಯುವಷ್ಟರಲ್ಲಿ ಮಹಾಂತಮ್ಮ ಮುಂದಕ್ಕೆ ಬಾಗಿದಳು. ಬಾಗಿದವಳೇ ಹರಿಗೋಲಿನ ಅಂಚನ್ನು, ಒದ್ದೆ ತೊಗಲನ್ನು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. ದೋಣಿ ತಿರುಗುವುದು ನಿಂತಿತು.

"ಅಕ್ಕಾ, ನಾ ಕುಂತ್ಬಿಟ್ಟೀನಿ," ಎಂದು ಗುರುಬಸಮ್ಮ ಅತ್ತಳು. "ಅಪ್ಪನ ಆಣಿ ಮುರದೀನಿ. ಬೈಬ್ಯಾಡವ್ವ."

"ಬೈತೀನಿ. ಕುಂದ್ರಿಸ್ಕೊಂಡು ಬೈತೀನಿ," ಎಂದಳು ಮಹಾಂತಮ್ಮ. "ಮೊದ್ಲು ಕೈ ಕೊಡು ಇತ್ತಾಗ."

ಒಂದು ಕೈ ತೊಗಲಿನ ಮೇಲೆಯೇ ಇತ್ತು. ಇನ್ನೊಂದರಿಂದ ತಂಗಿಯ ಕೈ ಹಿಡಿದುಕೊಂಡಳು. ತಂಗಿಯ ಬೆರಳುಗಳಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಮುದುಕಿಯ ಆಣೆ ಕೆಟ್ಟದ್ದಕ್ಕೋ, ತನ್ನ ಕೆಲಸ ಕೆಟ್ಟದ್ದಕ್ಕೋ, ಇಬ್ಬರೂ ಸಿಕ್ಕಿದ್ದಕ್ಕೋ, ಯಾಕೆ ಅಳು ಬರುತ್ತಿದೆಯೆಂದು ಪಕೀರಪ್ಪನಿಗೆ ತಿಳಿಯಲಿಲ್ಲ.

"ಅವ್ವಾರ, ಯಾ ದಂಡಿಗಿ ಹೋಗೋದ್ರಿ ಈಗ?" ಎಂದು ಮೆಲ್ಲಗೆ ಕೇಳಿದ.

"ಯಾ ದಂಡಿನೂ ಬ್ಯಾಡ," ಎಂದಳು ಮಹಾಂತಮ್ಮ, ತಂಗಿಯ ಮುಖದಿಂದ ಕಣ್ಣು ತೆಗೆಯದೆ. "ಒಂದೀಟು ಸುಮ್ಮಕಿರು."

ಮಾರೆಪ್ಪ ತನ್ನ ಹುಟ್ಟನ್ನು ಮೇಲೆತ್ತಿ ಮಡಿಲಲ್ಲಿಟ್ಟುಕೊಂಡ. ಹೊಳೆ ದೋಣಿ, ಹರಿಗೋಲು ಎರಡನ್ನೂ ಕೂಡಿಸಿಕೊಂಡು ಕೆಳಕ್ಕೆ ಒಯ್ಯುತ್ತಿತ್ತು.