ಅಕ್ಕ ಮಾತ್ರೆ ಬಿಟ್ಟ ಚಳಿಗಾಲ

ಮನೆಮಂದಿಯೆಲ್ಲ ಶಾಲು ಹೊದ್ದು, ಬಿಸಿ ಕಾಫಿಯ ಲೋಟಕ್ಕೆ ಅಂಗೈ ಒತ್ತಿಕೊಂಡು ಕೂತಿರುತ್ತಿದ್ದ ಹೊತ್ತಿನಲ್ಲಿ, ನಡುಮನೆಯ ಕಬ್ಬಿಣದ ಬೀರುವಿಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿ ನಿಂತಿರುತ್ತಿದ್ದ ಅಕ್ಕ ಇವತ್ತಿಗೂ ನನ್ನ ಕಣ್ಣೆದುರಿಗೇ ಇದ್ದಾಳೆ. ಒಂದು ಕೆನ್ನೆ ತಂಪಾದ ಮೇಲೆ ಇನ್ನೊಂದು, ಆಮೇಲೆ ಹಣೆ. ಆ ಬೀರುವಿನೊಳಗೆ ನಮ್ಮಿಬ್ಬರ ಮದುವೆಯ ಸೀರೆಗಳಿದ್ದವು, ಬೆಳ್ಳಿ ತಟ್ಟೆಗಳಿದ್ದವು. ಆದರೆ ಅಕ್ಕನಿಗೆ ಅದರಿಂದ ಆದ ಉಪಕಾರವೆಲ್ಲ ಹೊರಮೈಯಿಂದಲೇ ಆಯಿತು.

"ಬೀರು ಅಪ್ಪಿಕೊಂಡಾಯ್ತಾ?" ಎಂದು ಭಾವನವರು ಪೇಪರಿನ ಹಿಂದಿನಿಂದ ಕೇಳುತ್ತಿದ್ದರು.

"ನಿಮಗಿಂತ ಅದೇ ವಾಸಿ. ಮಾತಾಡಲ್ಲ," ಎಂದು ಅಕ್ಕ ಕಣ್ಣು ತೆರೆಯದೆಯೇ ಹೇಳುತ್ತಿದ್ದಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಹೆಸರು ಮಂದಾಕಿನಿ. ಅವಳ ಒಬ್ಬನೇ ಮಗ ಮೊದಲು ಓದಿಗೆ, ಆಮೇಲೆ ಕೆಲಸಕ್ಕೆ ಎಂದು ಪರಊರಿನಲ್ಲೇ ಇದ್ದ. ಅಣ್ಣತಮ್ಮಂದಿರು ಸೇರಿ ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ನಡೆಸುತ್ತಿದ್ದರು. ಮಾರಾಟವಾಗದೆ ಸೊಟ್ಟಗಾಗಿ ಉಳಿದದ್ದೆಲ್ಲ ಮನೆಗೆ ಬರುತ್ತಿದ್ದುದರಿಂದ ನಮ್ಮ ಅಡಿಗೆಮನೆಯಲ್ಲಿ ನೆಟ್ಟಗೆ ಕೂರುವ ತಪ್ಪಲೆ ಒಂದೂ ಇರಲಿಲ್ಲ. ನಾನು ತಾಯಿಯ ಮುಖ ಕಾಣದೆ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ "ಅಕ್ಕ, ನೀವು" ಎಂದು ಶುರು ಮಾಡಿದವಳನ್ನು ತಡೆದು, "ಅಕ್ಕ ಅಂದಮೇಲೆ ನೀವು ಯಾತಕ್ಕೆ? ನೀನು ಅನ್ನು, ಸಾಕು," ಎಂದಿದ್ದಳು. ನನ್ನ ತಲೆಗೂದಲ ಸಿಕ್ಕು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹೆಬ್ಬಾಗಿಲಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಬಾಚಿ ಜಡೆ ಹೆಣೆದಳು. ಆ ವಯಸ್ಸಿಗೆ ಇನ್ನೊಬ್ಬರ ಕೈಲಿ ತಲೆ ಬಾಚಿಸಿಕೊಳ್ಳುವುದು ನಾಚಿಕೆಯ ವಿಷಯ. ಆದರೂ ಮಾರನೆಯ ದಿನ ನಾನೇ ಬಾಚಣಿಗೆ ಹಿಡಿದುಕೊಂಡು ಹೋಗಿ ಅವಳ ಮುಂದೆ ಕೂತೆ.

ಹೀಗೆ ಹತ್ತು ವರ್ಷ ಕಳೆದ ಮೇಲೆ ಅಕ್ಕನಿಗೆ ಮುಟ್ಟು ನಿಲ್ಲುವ ಕಾಲ ಬಂತು. ಅದು ಹೀಗಿರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಕೂತಲ್ಲೇ ಮೈ ಕಾದು ಬೆವರುವಳು. ರಾತ್ರಿಯೆಲ್ಲ ಎಚ್ಚರವಾಗಿದ್ದು ಹಗಲೆಲ್ಲ ಅಳುವಳು, ಸಿಟ್ಟು ನೆತ್ತಿಗೇರಿದರೆ ಕೈಗೆ ಸಿಕ್ಕಿದ ಪಾತ್ರೆ ಎಸೆಯುವಳು. ಪಾತ್ರೆಗಳಿಗೆ ಅದೇನೂ ಹೊಸದಾಗಿರಲಿಲ್ಲ, ನಮಗೆ ಹೊಸದು. ಅದೇ ಸಮಯಕ್ಕೆ, ಎಲ್ಲರೂ ಆಸೆ ಬಿಟ್ಟಿದ್ದಾಗ, ನಾನು ಬಸುರಿಯಾದೆ.

ನನ್ನ ಸೀಮಂತದ ದಿನ ನೆಂಟರಿಂದ ಮನೆ ತುಂಬಿತ್ತು. ಅಕ್ಕನೇ ಬಳೆ ತೊಡಿಸಲು ಕೂತಿದ್ದಳು. ಯಾರೋ ಹಿರಿಯರು, "ಇವಳು ಒಳ್ಳೇ ತಾಯಿಯಾಗ್ತಾಳೆ, ಬಿಡಿ, ಸಮಾಧಾನದ ಹುಡುಗಿ," ಎಂದರು. ಅಕ್ಕ ತಲೆಯೆತ್ತದೆ, ಎಲ್ಲರಿಗೂ ಕೇಳುವ ಹಾಗೆ, "ತಾಯಿ ಮುಖವನ್ನೇ ನೋಡದವಳಿಗೆ ತಾಯಿಯಾಗೋದು ಏನು ಬರುತ್ತೆ?" ಎಂದಳು. ಒಂದು ಕೈಗೆ ಬಳೆ ತೊಡಿಸಿ ಆಗಿತ್ತು. ಇನ್ನೊಂದು ಕೈ ಚಾಚಿದ್ದೆ. ಚಾಚಿದ ಕೈಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಆಮೇಲೆ ನಾವು ಮಹಡಿಯ ಮೇಲೆ ಬೇರೆ ಒಲೆ ಹೂಡಿದೆವು. ಮೈಥಿಲಿ ಹುಟ್ಟಿದಳು. ಅವಳಿಗೆ ಮೂರು ತಿಂಗಳಾಗುವ ಹೊತ್ತಿಗೆ ಭಾವನವರು ಹೇಗೋ ಅಕ್ಕನನ್ನು ಒಪ್ಪಿಸಿ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹಾರ್ಮೋನ್ ಮಾತ್ರೆ ಶುರುವಾಯಿತು. ಕೆಲವೇ ವಾರಗಳಲ್ಲಿ ಅಕ್ಕ ನಿದ್ದೆ ಮಾಡಿದಳು, ನಕ್ಕಳು. ಒಂದು ದಿನ ಮೆಟ್ಟಿಲು ಹತ್ತಿ ಬಂದು, ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು, "ಕಿವಿ ಹಿಂದೆ ಒರೆಸ್ತಾ ಇದ್ದೀಯೋ ಇಲ್ವೋ?" ಎಂದು ಕೇಳಿದಳು. ಅಷ್ಟೇ. ಬೇರೆ ಮಾತಿಲ್ಲ. "ಪಾಪ, ಅವಳದ್ದೇನು ತಪ್ಪು? ಎಲ್ಲ ಮೈಯ ದೋಷ," ಎಂದು ಮನೆಯವರೆಲ್ಲ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಆ ಮಾತನ್ನು ಆಡಿದ್ದು ಅಕ್ಕನಲ್ಲ, ಆ ಸುಡುಗಾಡು ಬಿಸಿ ಎಂದು ನಂಬುವುದು ನನಗೆ ತುಂಬ ಬೇಕಾಗಿತ್ತು. ಮೈಥಿಲಿ ದೊಡ್ಡಮ್ಮನ ಮಡಿಲಲ್ಲೇ ಬೆಳೆದಳು.

ಎಂಟು ವರ್ಷವಾದ ಮೇಲೆ ಡಾಕ್ಟರು ಮಾತ್ರೆ ಸಾಕು ಎಂದರು. ಅವತ್ತು ಜೊತೆಗೆ ಹೋಗಿದ್ದವಳು ನಾನು.

"ಬಿ.ಪಿ. ಏರಿದೆ, ವಯಸ್ಸೂ ಆಯ್ತು. ಒಮ್ಮೆಗೇ ಬೇಡ, ನಿಧಾನವಾಗಿ ಇಳಿಸೋಣ. ಬಿಸಿ ಮತ್ತೆ ಸ್ವಲ್ಪ ಬಂದ್ರೂ ಬರಬಹುದು, ಮೊದಲಿನಷ್ಟು ಇರಲಾರದು," ಎಂದರು.

"ಇನ್ನೊಂದು ವರ್ಷ ಇರಲಿ ಡಾಕ್ಟ್ರೇ," ಎಂದಳು ಅಕ್ಕ.

"ಬಿಸಿಗೆ ಹೆದರಿಕೆನಾ?"

"ಬಿಸಿಗೆ ಯಾರು ಹೆದರ್ತಾರೆ?" ಎಂದ ಅಕ್ಕ, ಆಮೇಲೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಭಾವನವರು ಗದರಿಸಿ ಒಪ್ಪಿಸಬೇಕಾಯಿತು. ಹೆದರಿದ್ದವಳು ನಾನು. ಒಂದು ಸಲ ಅಕ್ಕನನ್ನು ಕಳೆದುಕೊಂಡು ಹೇಗೋ ವಾಪಸು ಪಡೆದಿದ್ದೆ. ಇನ್ನೊಂದು ಸಲಕ್ಕೆ ನನ್ನಲ್ಲಿ ಧೈರ್ಯವಿರಲಿಲ್ಲ.

ಮಾತ್ರೆ ಮೊದಲು ಅರ್ಧವಾಯಿತು, ಆಮೇಲೆ ದಿನ ಬಿಟ್ಟು ದಿನ, ಕಾರ್ತಿಕ ಕಳೆಯುವ ಹೊತ್ತಿಗೆ ಪೂರ್ತಿ ನಿಂತಿತು. ಮನೆಯಲ್ಲಿ ಮರ್ಯಾದೆಯ ಆಳ್ವಿಕೆ ಶುರುವಾಯಿತು. "ಅತ್ತಿಗೆ ಏನಂದ್ರೂ ಹೂಂ ಅನ್ನು, ತಿಳೀತಾ?" ಎಂದು ನಮ್ಮವರು ನನಗೆ ಪಾಠ ಹೇಳಿದರು. ಜನ್ಮದಲ್ಲಿ ಉಪ್ಪಿಟ್ಟನ್ನು ಹೊಗಳದ ಭಾವನವರು ಎರಡನೇ ಸಲ ಹಾಕಿಸಿಕೊಂಡು ತಿಂದರು. ಬಾಗಿಲುಗಳು ಸದ್ದಿಲ್ಲದೆ ಮುಚ್ಚಿದವು. ಅಕ್ಕ ಅಡಿಗೆಮನೆಯಿಂದ ಈಚೆ ಬಂದರೆ ಸಾಕು, ಎಲ್ಲರ ಮುಖದಲ್ಲೂ ಶಾಲಾ ಇನ್ಸ್‌ಪೆಕ್ಟರು ಬಂದಂಥ ಕಳೆ. ಬಿಸಿ ಮಾತ್ರ ಬಂದೇ ಬಂತು. ಆ ಚಳಿಯಲ್ಲೂ ಅವಳು ದಿನಕ್ಕೆ ನಾಲ್ಕಾರು ಸಲ ಬೀರುವಿನ ಹತ್ತಿರ ಹೋಗಿ ನಿಲ್ಲತೊಡಗಿದಳು. ನಾವು ಉಸಿರು ಬಿಗಿಹಿಡಿದು, ಈಗ ಪಾತ್ರೆ ಬಿತ್ತು, ಇನ್ನೇನು ಬಿತ್ತು ಎಂದು ಕಾಯುತ್ತಿದ್ದೆವು. ಬೀಳಲಿಲ್ಲ. ಅವಳು ಮುಖ ಒರೆಸಿಕೊಂಡು ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕ ನಮ್ಮನ್ನೆಲ್ಲ ಕೆಳಗೇ ಊಟಕ್ಕೆ ಕರೆದಳು. ಕುಂಬಳಕಾಯಿ ಹುಳಿ ಮಾಡಿದ್ದಳು. ಮೊದಲ ತುತ್ತಿಗೇ ನನ್ನ ನಾಲಿಗೆ ಮುದುಡಿತು. ಉಪ್ಪೋ ಉಪ್ಪು. ನಮ್ಮವರ ಮುಖ ನೋಡಿದೆ. ಅವರು ತಟ್ಟೆ ನೋಡುತ್ತಿದ್ದರು. "ಹದವಾಗಿದೆ," ಎಂದು ಭಾವನವರು ಒಂದು ಚೊಂಬು ನೀರು ಕುಡಿದರು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ. ಅಕ್ಕ ಬಡಿಸುತ್ತಾ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಗಂಡಸರು ಅಂಗಡಿಗೆ ಹೋದರು. ಮೈಥಿಲಿ ಶಾಲೆಯಲ್ಲಿದ್ದಳು. ನಾನು ಮಹಡಿಯಲ್ಲಿ ಮೊರ ಮುಂದಿಟ್ಟುಕೊಂಡು ಹೆಸರುಕಾಳು ಆರಿಸುತ್ತಿದ್ದೆ. ಅಕ್ಕ ಮೆಟ್ಟಿಲು ಹತ್ತಿ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು.

"ಹುಳಿ ಹೇಗಿತ್ತು?"

"ಚೆನ್ನಾಗಿತ್ತಲ್ಲ ಅಕ್ಕ."

"ಎರಡು ಸಲ ಉಪ್ಪು ಹಾಕಿದ್ದೆ. ಬೇಕು ಅಂತಲೇ."

ನಾನು ಮೊರದಲ್ಲಿ ಇಲ್ಲದ ಕಲ್ಲನ್ನು ಹುಡುಕಿದೆ.

"ಅವರಿಬ್ಬರು ಹೋಗಲಿ. ನೀನೂ ಸುಳ್ಳು ಹೇಳ್ತೀಯಲ್ಲೇ?"

"ನಿನಗೆ ಎಲ್ಲಿ ಕೋಪ ಬಂದುಬಿಡುತ್ತೋ ಅಂತ."

"ಬರಲಿಲ್ಲ ಕಣೇ," ಎಂದಳು ಅಕ್ಕ. ಆ ಧ್ವನಿಯಲ್ಲಿ ಸಮಾಧಾನವಿರಲಿಲ್ಲ. "ಬಿಸಿ ಬಂತು, ಬೆವರು ಬಂತು, ನಿದ್ದೆ ಹೋಯ್ತು. ಕೋಪಾನೂ ಬರುತ್ತೆ ಅಂತ ದಿನಾ ಕಾದೆ. ಬರಲೇ ಇಲ್ಲ."

"ಒಳ್ಳೇದೇ ಆಯ್ತಲ್ಲ?"

"ನಿಮಗೆಲ್ಲ ಒಳ್ಳೇದು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಇಷ್ಟು ಬಿಸಿಯಲ್ಲೂ ನಾನು ಸುಮ್ಮನಿರಬಲ್ಲೆ ಅಂದ್ರೆ, ಅವತ್ತು ಬಳೆ ತೊಡಿಸುವಾಗ ಆಡಿದ ಮಾತು ಯಾರದ್ದು ಹೇಳು."

ಆ ದಿನದ ಸುದ್ದಿಯನ್ನು ನಾವಿಬ್ಬರೂ ಅಲ್ಲಿಯವರೆಗೆ ಒಮ್ಮೆಯೂ ಎತ್ತಿರಲಿಲ್ಲ. ನನ್ನ ಕೈ ಕಾಳಿನ ಮೇಲೆ ನಿಂತಿತು.

"ಆಗ ನಿನಗೆ ಹುಷಾರಿರಲಿಲ್ಲ ಅಕ್ಕ. ಬಿಡು ಅದನ್ನ."

"ಹುಷಾರಿರಲಿಲ್ಲ, ನಿಜ. ಪಾತ್ರೆ ಎಸೆದದ್ದು, ಅತ್ತದ್ದು, ಅವರ ಮೇಲೆ ಹರಿಹಾಯ್ದದ್ದು, ಅದೆಲ್ಲ ನಿದ್ದೆಗೆಟ್ಟು ಮಾಡಿದ್ದು. ಅದಕ್ಕೆ ನಾನು ಯಾರ ಹತ್ರಾನೂ ತಪ್ಪಾಯ್ತು ಅನ್ನಲ್ಲ. ಆದರೆ ಆ ಮಾತು ಆಡಿದಾಗ ನನ್ನ ಮೈ ತಣ್ಣಗಿತ್ತು. ಎಲ್ಲಿ ಹೊಡೆದರೆ ನಿನಗೆ ನೋಯುತ್ತೆ ಅಂತ ನೋಡಿಯೇ ಹೊಡೆದೆ. ನನಗಲ್ಲದೆ ಇನ್ನು ಯಾರಿಗೆ ಗೊತ್ತಿತ್ತು ಅದು?"

ನಾನು ಮೊರವನ್ನು ಮಡಿಲಿಗೆ ಎಳೆದುಕೊಂಡೆ.

"ಗಂಡು ಒಂದಾಯ್ತು, ಇನ್ನು ಒಂದು ಹೆಣ್ಣಾಗಲಿ ಅಂತ ಎಷ್ಟು ವರ್ಷ ಕಾದೆ. ನನ್ನದು ಮುಗೀತು, ಇನ್ನು ಇಲ್ಲ ಅಂತ ಗೊತ್ತಾದ ತಿಂಗಳೇ ನೀನು ಬಂದು, ನಾಚಿಕೊಂಡು, ಅಕ್ಕಾ ಅಂತ ನನ್ನ ಕಿವಿಯಲ್ಲಿ ಹೇಳಿದೆ. ನಿನ್ನನ್ನ ಅಪ್ಪಿಕೊಂಡೆ. ನಿನಗೆ ಬೇಕು ಅಂದದ್ದೆಲ್ಲ ಮಾಡಿ ಹಾಕಿದೆ. ಸೀಮಂತದ ದಿನ ಮಾತ್ರ ನನ್ನ ಕೈಲಿ ಆಗಲಿಲ್ಲ. ಆಮೇಲೆ ಎಲ್ಲರೂ ಕಾಯಿಲೆ ಅಂದ್ರು. ನಾನೂ ಹೌದು ಅಂದುಬಿಟ್ಟೆ. ಮಾತ್ರೆ ನುಂಗ್ತಾ ಇದ್ದಷ್ಟು ದಿನ ಅದು ನಡೀತು. ಡಾಕ್ಟರು ನಿಲ್ಲಿಸಿ ಅಂದಾಗ ನನಗೆ ಹೆದರಿಕೆಯಾದದ್ದು ಅದಕ್ಕೇ."

ಹೋಗಲಿ ಬಿಡು ಅಕ್ಕ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಅದೂ ಮಧ್ಯಾಹ್ನದ ಹುಳಿಯನ್ನು ಚೆನ್ನಾಗಿದೆ ಎಂದ ಹಾಗೇ ಆಗುತ್ತಿತ್ತು. ಎಂಟು ವರ್ಷ ನಾನು ಒಂದು ಕಾಯಿಲೆಯನ್ನು ಕ್ಷಮಿಸಿಕೊಂಡು ಕೂತಿದ್ದೆ. ಕಾಯಿಲೆಯನ್ನು ಯಾರು ಬೈಯುತ್ತಾರೆ? ಈಗ ಬೈಯಲು ಅಕ್ಕ ಸಿಕ್ಕಿದ್ದಳು. ಎದೆಯಲ್ಲಿ ಸಿಟ್ಟು ಎದ್ದಿತು. ಅದರ ಹಿಂದೆಯೇ ಅಳು ಬಂತು.

"ನನಗೆ ತುಂಬಾ ನೋವಾಯ್ತು," ಎಂದೆ. "ಮೈಥಿಲಿ ಹುಟ್ಟಿದಾಗ ಅವಳನ್ನ ಎತ್ತಿಕೊಳ್ಳೋಕೇ ಭಯ ಆಗ್ತಿತ್ತು. ಅವಳು ಅತ್ತಾಗೆಲ್ಲ, ಅಕ್ಕ ಹೇಳಿದ್ದೇ ಸರಿ, ನನಗೆ ಬರಲ್ಲ ಅನ್ನಿಸೋದು. ಹಾಲೂಡಿಸೋವಾಗಲೂ ಅದೇ ಮಾತು. ಈಗಲೂ ಅವಳಿಗೆ ಜ್ವರ ಬಂದರೆ ಏನು ಮಾಡಬೇಕು ಅಂತ ನನಗೆ ಗೊತ್ತಿರುತ್ತೆ, ಆದರೂ ನಿನ್ನನ್ನ ಕೇಳೋಕೆ ಕೆಳಗೆ ಓಡಿ ಬರ್ತೀನಿ. ನನ್ನ ಮೇಲೆ ನನಗೇ ನಂಬಿಕೆ ಇಲ್ಲದ ಹಾಗೆ ಮಾಡಿಬಿಟ್ಟೆ ನೀನು."

"ಹೇಳು," ಎಂದಳು ಅಕ್ಕ.

"ಬೇರೆ ಯಾರು ಅಂದಿದ್ರೂ ಮರೀತಿದ್ದೆ. ನೀನು ಅಂದೆ."

"ಹೂಂ."

"ಆಮೇಲೆ ಬಂದು ಕಿವಿ ಒರೆಸಿದ್ಯಾ ಅಂತ ಕೇಳ್ತೀಯಾ. ಒಂದು ಮಾತು ತಪ್ಪಾಯ್ತು ಅನ್ನೋಕೆ ಎಂಟು ವರ್ಷ ಬೇಕಾಯ್ತಾ ನಿನಗೆ?"

"ತಪ್ಪಾಯ್ತು," ಎಂದಳು.

ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಎಲ್ಲೆಲ್ಲಿಯದೋ ನೆನಪಾಗಿ ಒಂದೊಂದಾಗಿ ಹೇಳುತ್ತಾ ಹೋದೆ. ಹೇಳುತ್ತಿದ್ದ ಹಾಗೆಯೇ ಅಕ್ಕನ ಕುತ್ತಿಗೆ ಕೆಂಪಗಾಗುವುದು ಕಂಡಿತು. ಕೆಂಪು ಕೆನ್ನೆಗೆ ಏರಿತು. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿ ರವಿಕೆಯ ತೋಳು ಒದ್ದೆಯಾಯಿತು. ಅವಳು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಬೆವರನ್ನೂ ಒರೆಸಿಕೊಳ್ಳದೆ, ನಾನು ಹೇಳುವುದನ್ನು ಕೇಳುತ್ತಾ ಕೂತಿದ್ದಳು.

ನಾನು ಮೊರದ ಕಾಳನ್ನೆಲ್ಲ ನೆಲಕ್ಕೆ ಸುರಿದೆ. ಬರಿದಾದ ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಖಕ್ಕೆ ಗಾಳಿ ಬೀಸತೊಡಗಿದೆ.

"ಮೊರದ ಗಾಳಿ ಹಾಕಬಾರದು ಕಣೇ," ಎಂದಳು ಅಕ್ಕ.

"ಸುಮ್ಮನೆ ಕೂತ್ಕೋ," ಎಂದು ಗದರಿದೆ. "ನನ್ನದು ಇನ್ನೂ ಮುಗಿದಿಲ್ಲ."

"ಹೇಳು," ಎಂದು ಅವಳು ಕಣ್ಣು ಮುಚ್ಚಿ ಮುಖವನ್ನು ನನ್ನ ಕಡೆಗೆ ಎತ್ತಿದಳು. ನಾನು ಬೈಯುತ್ತಲೇ ಬೀಸಿದೆ. ಆ ಗಾಳಿಗೆ ಅವಳ ಹಣೆಯ ನರೆಗೂದಲು ಹಾರಿ ಹಾರಿ ಕೂರುತ್ತಿತ್ತು.