ಲಿಸೆಟ್ ಎಣಿಸುತ್ತಿದ್ದ ಹನಿಗಳು

ಅಕ್ಟೋಬರ್ ಬಂತೆಂದರೆ ಹಿಮದ ನಾಡಿನ ಊರಾದ ಮಸ್ಕೂಶ್‌ನ ಆ ಬೀದಿಯಲ್ಲಿ ಮನೆಮನೆಯಲ್ಲೂ ಈಜುಕೊಳ ಮುಚ್ಚುವ ಗಡಿಬಿಡಿ. ನೀರನ್ನು ಹದ ಮಾಡಿ, ಮೇಲೆ ಹೊದಿಕೆ ಎಳೆದುಬಿಟ್ಟರೆ ಮೇ ತಿಂಗಳವರೆಗೆ ಅದರ ಸುದ್ದಿಗೆ ಹೋಗಬೇಕಾಗಿಲ್ಲ. ಹದ ತಪ್ಪಿತೋ, ಹಿಮದಡಿ ಏಳು ತಿಂಗಳು ಕೂತ ನೀರು ಪಾಚಿಗುಂಡಿಯಾಗಿರುತ್ತದೆ. ಈ ಸಲ ರೊಸೇರ್‌ಗೆ ಅದು ಬರೀ ಪಾಚಿಯ ಮಾತಾಗಿರಲಿಲ್ಲ. ಮಗಳು ಮಿಲೆನ್ ಖಂಡತುಂಡವಾಗಿ ಹೇಳಿಬಿಟ್ಟಿದ್ದಳು.

"ಅಪ್ಪಾ, ನಿಂಗೆ ಎಪ್ಪತ್ತಾರಾಯ್ತು. ಅಮ್ಮನೂ ಇಲ್ಲ. ಮೇನಲ್ಲಿ ನೀರು ಕೆಟ್ಟಿದ್ರೆ ಮಣ್ಣು ತುಂಬ್ಸಿ ಹುಲ್ಲು ಹಾಕ್ಸೋದೇ. ಆಮೇಲೆ ಮುಖ ಊದಿಸ್ಕೋಬೇಡ."

"ತುಂಬ್ಸು, ಬೇಡ ಅಂದೋರ್ಯಾರು?" ಎಂದಿದ್ದ ರೊಸೇರ್. ಹೇಳುವುದೇನೋ ಹೇಳಿದ. ಆದರೆ ಮೂವತ್ತೊಂದು ಬೇಸಿಗೆ ಹೆಂಡತಿ ಲಿಸೆಟ್ ಬೆಳಗಿನ ಕಾಫಿಗೂ ಮೊದಲು ಈಜಿದ ಕೊಳ ಅದು. ಏಪ್ರಿಲ್‌ನಲ್ಲಿ ಒಮ್ಮೆ ಅವಳನ್ನು ಮಣ್ಣು ಮಾಡಿ ಬಂದಿದ್ದ. ಇನ್ನೊಂದು ಸಲ ಅವನ ಕೈಲಾಗುತ್ತಿರಲಿಲ್ಲ.

ತೊಡಕು ಇದ್ದದ್ದು ಅವನ ಕಣ್ಣಲ್ಲಿ. ಕೆಂಪೂ ಹಸಿರೂ ಅವನಿಗೆ ಒಂದೇ, ಎರಡೂ ಒಣಹುಲ್ಲಿನ ಬಣ್ಣ. ಹುಟ್ಟಿನಿಂದಲೇ ಹಾಗೆ. ಲಿಸೆಟ್‌ಳನ್ನು ಬಿಟ್ಟರೆ ಇದು ನರಪಿಳ್ಳೆಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಊರಿನ ಬಸ್ಸು ಓಡಿಸಿದ ಮನುಷ್ಯ, ಸಿಗ್ನಲ್ ದೀಪವನ್ನು ಮೇಲಿನದೋ ಕೆಳಗಿನದೋ ಎಂದು ಜಾಗ ನೋಡಿ ಗುರುತಿಸುತ್ತಿದ್ದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಿಯಾನು?

ಕೊಳದ ಪರೀಕ್ಷೆಯೋ, ಪೂರ್ತಿ ಬಣ್ಣದ ಆಟ. ಪುಟ್ಟ ಕೊಳವೆಯಲ್ಲಿ ನೀರು ಹಿಡಿದು, ಔಷಧಿ ಹಾಕಿ ಹಸಿರು ಮಾಡಿಕೊಂಡು, ಇನ್ನೊಂದು ಸೀಸೆಯಿಂದ ಹನಿಹನಿಯಾಗಿ ಬಿಡಬೇಕು. ಹಸಿರು ಕೆಂಪಾದ ಹನಿಗೆ ಕೈ ನಿಲ್ಲಬೇಕು. ಹನಿ ಕಡಿಮೆ ಬಂದರೆ ನೀರಿಗೆ ಅಡುಗೆ ಸೋಡಾ, ಜಾಸ್ತಿ ಬಂದರೆ ಆಸಿಡ್. ರೊಸೇರ್ ಹನಿ ಬಿಡುತ್ತಿದ್ದ, ಲಿಸೆಟ್ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವಳ ಗಂಟಲಿಗೆ ಮೈಕು ಬೇಕಾಗಿರಲಿಲ್ಲ.

"ಆರು, ಏಳು, ನಿಲ್ಸು ಮುದುಕಾ, ಏಳೇ ಏಳು. ಸೋಡಾ ಮೂರು ಡಬ್ಬಿ ಸುರಿ."

ನಲವತ್ತೈದಕ್ಕೇ ಅವಳ ಬಾಯಲ್ಲಿ ಮುದುಕನಾಗಿದ್ದವನು. ಈಗ ನಿಜವಾಗಿ ಮುದುಕನಾದಾಗ ಹಾಗೆ ಕರೆಯುವವರಿಲ್ಲ. ಅಂಗಡಿಗೆ ನೀರು ಒಯ್ದರೆ ಪರೀಕ್ಷಿಸಿ ಕೊಡುತ್ತಾರೆ, ಆದರೆ ಅಲ್ಲಿ ಹೋಗಿ ನಿಲ್ಲುವುದು ನಾಚಿಕೆಗೇಡೆಂದು ಅವನ ಹಟ.

ಆ ಶನಿವಾರ ಅವನೊಬ್ಬನೇ ಹನಿ ಬಿಟ್ಟ. ಒಂಬತ್ತು. ಹದಿನೈದು. ಇಪ್ಪತ್ತೆರಡು. ಕೊಳವೆಯಲ್ಲಿ ಅದೇ ಒಣಹುಲ್ಲು. ಇಪ್ಪತ್ತೆರಡಾದರೆ ಆಸಿಡ್ಡೇ ಸರಿ ಎಂದುಕೊಂಡು ದೊಡ್ಡ ಸೀಸೆಯ ಮುಚ್ಚಳ ತಿರುವಿದ.

"ಏನಯ್ಯಾ, ಆಸಿಡ್ ಹಾಕ್ತಿದ್ದೀಯಾ? ಎಷ್ಟು ಬಂತು?"

ಸೀಡರ್ ಬೇಲಿಯಾಚೆಯಿಂದ ಪಕ್ಕದ ಮನೆಯ ಒನಿಲ್. ಹದಿನೆಂಟು ವರ್ಷದಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಪ್ರತಿ ವಸಂತದಲ್ಲೂ ತನ್ನ ಕೊಳ ಹಸಿರಾಗುವುದು ರೊಸೇರ್‌ನ ಬೇಲಿಯ ಕಸದಿಂದಲೇ ಎಂದು ಒನಿಲ್‌ನ ದೂರು.

"ನಿಂಗ್ಯಾಕೆ ಅದು?"

"ಹೇಳಯ್ಯಾ ಅಂದ್ರೆ."

"ಇಪ್ಪತ್ತೆರಡು."

"ನಿನ್ನ ತಲೆ. ಆ ಕೊಳದಲ್ಲಿ ಹನ್ನೊಂದು ದಾಟಿದ್ದೇ ಇಲ್ಲ. ಅಷ್ಟು ಆಸಿಡ್ ಸುರಿದ್ರೆ ಒಳಹಾಸು ಸುಕ್ಕಾಗಿ ಹರ್‍ದು ಹೋಗತ್ತೆ."

ರೊಸೇರ್‌ನ ಕೈ ನಿಂತಿತು. "ನನ್ನ ಕೊಳದ ಲೆಕ್ಕ ನಿಂಗೆ ಹೇಗೆ ಗೊತ್ತು?"

ಒನಿಲ್ ಬೇಲಿಯ ಸಂದಿಯಲ್ಲಿ ನುಸುಳಿ ಬಂದ. ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. "ಲಿಸೆಟ್ ಕೂಗೋದು ಕೇಳ್ತಿತ್ತಲ್ಲ. ಅವಳು ಎಷ್ಟು ಡಬ್ಬಿ ಅಂತಿದ್ಲೋ ಅಷ್ಟೇ ನಾನೂ ನನ್ನ ಕೊಳಕ್ಕೆ ಸುರೀತಿದ್ದೆ. ಈ ಕೊಳವೆ ಗಿಳವೆ ನಾನು ಯಾವತ್ತೂ ತಂದೋನೇ ಅಲ್ಲ."

ರೊಸೇರ್‌ಗೆ ನಗು ತಡೆಯಲಾಗಲಿಲ್ಲ. "ಪೆದ್ದ ಕಣಯ್ಯಾ ನೀನು. ನಿನ್ನ ಕೊಳ ನನ್ನದರ ಎರಡರಷ್ಟಿದೆ. ಹಸಿರಾಗ್ದೆ ಇನ್ನೇನಾಗತ್ತೆ? ಬೈಗುಳ ಮಾತ್ರ ನನ್ನ ಬೇಲಿಗೆ."

"ಬೈಕೋ. ಆದ್ರೆ ಈ ಸಲ ಮೂರು ಶನಿವಾರದಿಂದ ಕಾಯ್ತಿದ್ದೀನಿ. ಅವಳಿಲ್ಲ ಅಂತ ಗೊತ್ತು, ಮಣ್ಣಿಗೆ ನಾನೂ ಬಂದಿದ್ದೆ. ಆದ್ರೂ ಡಬ್ಬಿ ಹಿಡ್ಕೊಂಡು ಬಂದು ಬೇಲಿ ಹತ್ರ ನಿಂತ್ಬಿಡ್ತೀನಿ."

ರೊಸೇರ್ ಆಸಿಡ್ ಸೀಸೆಯ ಮುಚ್ಚಳವನ್ನು ಮತ್ತೆ ಬಿಗಿದ. ಆ ದನಿಗೆ ಹಂಬಲಿಸುವವನು ತಾನೊಬ್ಬನೇ ಎಂದುಕೊಂಡು ಆರು ತಿಂಗಳು ಕಳೆದಿದ್ದ. ಕೊಳವೆಯನ್ನು ಒನಿಲ್‌ನತ್ತ ಚಾಚಿದ.

"ನಂಗೆ ಕೆಂಪು ಕಾಣಲ್ಲ ಒನಿಲ್. ಹಸಿರೂ ಕಾಣಲ್ಲ. ನೀನೇ ನೋಡಿ ಹೇಳ್ಬೇಕು."

ಒನಿಲ್ ಅವನ ಮುಖವನ್ನೇ ನೋಡಿದ. "ಇಪ್ಪತ್ತು ವರ್ಷ ನಿನ್ನ ಬಸ್ಸಲ್ಲಿ ಓಡಾಡಿದ್ದೀನಲ್ಲಯ್ಯಾ ನಾನು," ಎಂದು ಗೊಣಗುತ್ತ ಮಂಡಿಯೂರಿ ಕೂತ. "ಹ್ಞೂಂ, ಹೊಸ ನೀರು ಹಿಡಿ. ಬಿಡು ಹನಿ."

ಎಂಟಕ್ಕೆ ಕೆಂಪಾಯಿತು. ಎರಡು ಡಬ್ಬಿ ಸೋಡಾ ಸುರಿದರು. ಆಮೇಲೆ ಕೊಳವೆ ಹಿಡಿದುಕೊಂಡು ಬೇಲಿಯಾಚೆಗೂ ಹೋದರು. ಅಲ್ಲಿ ಮೂರನೇ ಹನಿಗೇ ಬಣ್ಣ ತಿರುಗಿತು. ಬೀದಿಯ ಅಂಗಡಿಯಲ್ಲಿದ್ದ ಸೋಡಾವೆಲ್ಲ ಆ ದಿನ ಒನಿಲ್‌ನ ಕೊಳಕ್ಕೇ ಹೋಯಿತು.

ಮೇ ತಿಂಗಳಲ್ಲಿ ಮಿಲೆನ್ ಬಂದು ಹೊದಿಕೆ ಎಳೆದಳು. ತಳದ ಗೆರೆಗಳೂ ಕಾಣುವಷ್ಟು ತಿಳಿಯಾಗಿತ್ತು ನೀರು. ಮಣ್ಣಿನ ಮಾತೆತ್ತದೆ ಬೂಟು ಕಳಚಿ, ಆ ತಣ್ಣೀರಿನಲ್ಲೇ ಕಾಲು ಬಿಟ್ಟು ಕೂತು, ಅಮ್ಮನ ನೆನಪಾಗಿ ಅತ್ತಳು.

ರೊಸೇರ್ ಬೇಲಿಯ ಸಂದಿಯಲ್ಲಿ ನುಸುಳಿ ಹೋದ. ಒನಿಲ್‌ನ ಕೊಳ ಹದಿನೆಂಟು ವರ್ಷದಲ್ಲಿ ಮೊದಲ ಸಲ ತಿಳಿಯಾಗಿತ್ತು. ಆದರೆ ಅವನು ಜೋಲುಮೋರೆ ಹಾಕಿಕೊಂಡು ದಡದಲ್ಲಿ ನಿಂತಿದ್ದ.

"ಇಷ್ಟು ಚೆನ್ನಾಗಿದೆ, ಇನ್ನೇನು ಬೇಕಯ್ಯಾ ನಿಂಗೆ?"

"ಚೆನ್ನಾಗೇ ಇದೆ," ಎಂದ ಒನಿಲ್. "ಆದ್ರೂ ಅವಳು ಹೇಳಿದ್ದು ಕೇಳಿ ಹಸಿರಾಗ್ತಿತ್ತಲ್ಲ, ಅದೇ ಚೆನ್ನಾಗಿತ್ತು ಕಣೋ."